ಕಾದ ಮೇಲೆ

ನಮ್ಮ ಪ್ಲಾಂಟಿನಲ್ಲಿ ಎಲ್ಲಕ್ಕಿಂತ ನಂಬಿಕೆಯ ಯಂತ್ರ ಯಾವುದು ಎಂದು ಯಾರಾದರೂ ಕೇಳಿದರೆ ಸಾವ್ಕಾರ್ರು ಜಂಬುಲಿಂಗಪ್ಪನವರು ಜಂಪಣ್ಣನ ಮೂಗನ್ನು ತೋರಿಸುತ್ತಿದ್ದರು. ತಮಾಷೆಗಲ್ಲ, ನಿಜವಾಗಿಯೇ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳಿಗೆ ಬರವಿಲ್ಲ. ಗಿರಣಿಗಳು ಹಿಂಡಿ ಬಿಸಾಕಿದ ಶೇಂಗಾ ಹಿಂಡಿಯಲ್ಲೂ ಒಂದಿಷ್ಟು ಎಣ್ಣೆ ಉಳಿದಿರುತ್ತದಲ್ಲ, ಅದನ್ನೂ ಬಿಡದೆ ತೆಗೆಯುವುದು ನಮ್ಮ ಸಾಲ್ವೆಂಟ್ ಪ್ಲಾಂಟಿನ ಕೆಲಸ. ಸಾಲ್ವೆಂಟ್ ಅಂದರೆ ಪೆಟ್ರೋಲಿನ ದಾಯಾದಿ. ನೀರಿನಂತೆ ತಿಳಿಯಾಗಿರುತ್ತದೆ, ಆವಿಯಾದರೆ ಕಣ್ಣಿಗೆ ಕಾಣುವುದಿಲ್ಲ, ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂರುತ್ತದೆ. ಒಂದು ಕಿಡಿ ಸಿಕ್ಕರೆ ಮುಗಿಯಿತು. ಜಂಪಣ್ಣ ಬೆಳಿಗ್ಗೆ ಸಂಜೆ ಪ್ಲಾಂಟಿನೊಳಗೆ ಒಂದು ಸುತ್ತು ಹಾಕಿ, "ಎರಡನೇ ಪಂಪಿನ ಹತ್ರ ಸೋರ್ತೈತೆ ನೋಡ್ರಿ" ಅಂದರೆ ಅಲ್ಲಿ ಸೋರಿಕೆ ಇದ್ದೇ ಇರುತ್ತಿತ್ತು.

ಜಂಪಣ್ಣ ದೇವಸಮುದ್ರದವನು. ಇಪ್ಪತ್ತೈದು ವರ್ಷದವರೆಗೆ ಕುರಿ ಕಾಯ್ದು, ಆಮೇಲೆ ಪ್ಲಾಂಟಿಗೆ ಸೇರಿ, ಶಿಫ್ಟ್ ಮೇಸ್ತ್ರಿಯಾಗಿದ್ದ. ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದ. ಆಂಧ್ರದ ಗಡಿ ಕಡೆಯವನಾದ್ದರಿಂದ ಮಾತಿನಲ್ಲಿ ಅರ್ಧ ತೆಲುಗು. ಯಾರಾದರೂ ಆತುರಪಟ್ಟರೆ "ತೊಂದರ ಪಡೊದ್ದು" ಅನ್ನುತ್ತಿದ್ದ. ತೆಲುಗಿನಲ್ಲಿ ತೊಂದರ ಅಂದರೆ ಅವಸರ. "ಕನ್ನಡದಾಗೆ ತೊಂದರೆ ಅಂದ್ರೆ ಬೇರೆ ಅಲ್ವೇನ್ರಿ" ಎಂದು ನಾನು ಕೆಣಕಿದರೆ, "ಎರಡೂ ಒಂದೇ ಮನೇವು, ಹೋಗು" ಅನ್ನುತ್ತಿದ್ದ.

ನಾನು ವಿಶ್ವನಾಥ್, ಮೊಳಕಾಲ್ಮೂರಿನವನು. ಡಿಪ್ಲೊಮಾ ಮುಗಿಸಿ ಅಲ್ಲಿಗೆ ಆಪರೇಟರ್ ಆಗಿ ಸೇರಿದ್ದೆ. ಅವ್ವ ಇಟ್ಟ ಹೆಸರು ವಿಶ್ವನಾಥ, ಪ್ಲಾಂಟಿನವರು ಇಟ್ಟ ಹೆಸರು ಪಟಾಕಿ. ಮೂಗಿನ ತುದಿಯಲ್ಲೇ ಕೋಪ, ಯಾವ ಕೆಲಸವೂ ಈಗಲೇ ಆಗಬೇಕು. "ಸಾಲ್ವೆಂಟ್ ಪ್ಲಾಂಟಿನಾಗೆ ಪಟಾಕಿ ಇಟ್ಕಂಡು ಕೂತೀವಲ್ಲಪ್ಪ" ಎಂದು ಜಂಪಣ್ಣ ಎಲ್ಲರೆದುರು ನಗುತ್ತಿದ್ದ. ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಂದು ಆ ಮಾತು ನೆನಪಾದರೆ ಕೈ ಮುಗಿಯುವಂತಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಈ ಘಟನೆ ನಡೆಯುವ ಹಿಂದಿನ ವರ್ಷ ಸಾವ್ಕಾರ್ರು ಗ್ಯಾಸ್ ಡಿಟೆಕ್ಟರ್ ಹಾಕಿಸಿದ್ದರು. ಪ್ಲಾಂಟಿನ ನಾಲ್ಕು ಕಡೆ ಗೋಡೆ, ಕಂಬಗಳಿಗೆ ಬಿಗಿದ ನಾಲ್ಕು ಕಬ್ಬಿಣದ ಡಬ್ಬಿಗಳು. ಅವುಗಳಿಂದ ಬಂದ ಕೇಬಲ್ಲು ಕಂಟ್ರೋಲ್ ರೂಮಿನ ಪ್ಯಾನಲ್ಲಿಗೆ. ಅಲ್ಲಿ ಕೆಂಪು ಅಂಕಿಯ ನಾಲ್ಕು ಕಿಟಕಿಗಳು. ನೂರು ಅಂದರೆ ಗಾಳಿಯಲ್ಲಿ ಹೊತ್ತಿಕೊಳ್ಳುವಷ್ಟು ಆವಿ ಸೇರಿದೆ ಎಂದರ್ಥ. ಇಪ್ಪತ್ತಕ್ಕೇ ಹಾರ್ನ್ ಕೂಗುತ್ತದೆ. ಅದನ್ನು ಕೂರಿಸಿದವರು ಬಳ್ಳಾರಿಯಿಂದ ಬಂದಿದ್ದ ಮಂಗಳಗೌರಿ ಮೇಡಂ. ನಮ್ಮ ಜನಕ್ಕೆ ಡಿಟೆಕ್ಟರ್ ಅನ್ನುವ ಹೆಸರು ನಾಲಿಗೆಗೆ ಹತ್ತಲಿಲ್ಲ. ಜಂಪಣ್ಣನ ಕೆಲಸವನ್ನೇ ಮಾಡುವ ಡಬ್ಬಿ ಎಂದು ಅದನ್ನೂ ಮೂಗು ಎಂದೇ ಕರೆದರು. ಒಂದನೇ ಮೂಗು, ಎರಡನೇ ಮೂಗು, ಹೀಗೆ.

"ಒಳಗೆ ಸಾಸಿವೆ ಕಾಳಿನಷ್ಟು ಎರಡು ಮಣಿ ಇರ್ತಾವ್ರಿ" ಎಂದು ಮೇಡಂ ಬಿಡಿಸಿ ಹೇಳಿದ್ದರು. "ಕರೆಂಟ್ ಕೊಟ್ರೆ ಎರಡೂ ಕಾಯ್ತಾವೆ. ಗ್ಯಾಸ್ ಬಂದ್ರೆ ಒಂದು ಇನ್ನಷ್ಟು ಕಾಯ್ತೈತೆ, ಇನ್ನೊಂದು ಇದ್ದಂಗೇ ಇರ್ತೈತೆ. ಆ ವ್ಯತ್ಯಾಸಾನೇ ಇಲ್ಲಿ ನಂಬರಾಗಿ ಕಾಣೋದು." ಸ್ವಿಚ್ ಹಾಕಿದ ಹೊಸದರಲ್ಲಿ ಮಣಿಗಳು ಹದಕ್ಕೆ ಬಂದಿರುವುದಿಲ್ಲ, ನಂಬರುಗಳು ಸುಮ್ಮಸುಮ್ಮನೆ ಏರುತ್ತವೆ, ಇಳಿಯುತ್ತವೆ, ಅವನ್ನು ನಂಬಬಾರದು ಎಂದೂ ಹೇಳಿದ್ದರು. ಹೋಗುವ ಮುಂಚೆ ಒಂದು ರಟ್ಟಿನ ಮೇಲೆ ಮೂರು ಸಾಲು ಬರೆದು ಪ್ಯಾನಲ್ಲಿಗೆ ಅಂಟಿಸಿದರು. ಸುತ್ತ ಗ್ಯಾಸ್ ಇಲ್ಲವೆಂದು ನೋಡಿ. ಹಾರ್ನಿನ ಕೀ ತಿರುಗಿಸಿ ಸ್ವಿಚ್ ಹಾಕಿ. ಕಾದ ಮೇಲೆ ಸೊನ್ನೆ ಮಾಡಿ.

ಅವರು ಹೇಳಿದ್ದನ್ನೆಲ್ಲ ಕೇಳಿದ್ದೆ ಅಂತಲೇ ಅಂದುಕೊಂಡಿದ್ದೆ. ಕೇಳಿದ್ದು ಕಿವಿ ಮಾತ್ರ ಎಂದು ಆಮೇಲೆ ಗೊತ್ತಾಯಿತು.

ಎರಡು ಸಾವಿರದ ಇಸವಿ, ಮಾರ್ಚ್ ತಿಂಗಳು. ಶಿವರಾತ್ರಿ ಮುಗಿದು ಒಂದು ವಾರವಾಗಿತ್ತು. ಬಾಯ್ಲರಿನ ಟ್ಯೂಬು ಕೆಟ್ಟು ಪ್ಲಾಂಟು ಇಪ್ಪತ್ತೈದು ದಿನ ನಿಂತಿತ್ತು. ಸಾಲ್ವೆಂಟನ್ನೆಲ್ಲ ನೆಲದೊಳಗಿನ ಟ್ಯಾಂಕಿಗೆ ಇಳಿಸಿ, ಪೈಪುಗಳಿಗೆ ಹಬೆ ಹೊಡೆದು, ಹೊಂಡ ತೊಳೆಸಿ, ಮೂಗುಗಳ ಸ್ವಿಚ್ಚನ್ನೂ ಆರಿಸಿದ್ದೆವು. ಹೊಂಡ ಅಂದರೆ ಪ್ಲಾಂಟಿನಿಂದ ಬರುವ ನೀರಿನಲ್ಲಿ ಬೆರೆತ ಸಾಲ್ವೆಂಟು ಬೇರೆಯಾಗಿ ತೇಲುವ ಸಿಮೆಂಟಿನ ಗುಂಡಿ, ಒಂದಾಳುದ್ದ ಆಳದ್ದು. ಅದನ್ನು ನಿಂತು ತೊಳೆಸಿದವನು ನಾನು. ನಾಲ್ಕನೇ ಮೂಗು ಇದ್ದದ್ದು ಅದರ ಅಂಚಿನಲ್ಲೇ, ನೆಲದಿಂದ ಗೇಣೆತ್ತರದಲ್ಲಿ.

ಸೋಮವಾರ ಮಧ್ಯಾಹ್ನ ಹನ್ನೆರಡೂ ಕಾಲಿಗೆ ಮತ್ತೆ ಸಾಲ್ವೆಂಟ್ ಬಿಡಲು ಮುಹೂರ್ತ ಇಟ್ಟಿದ್ದರು. ಅಷ್ಟರಲ್ಲಿ ಉಳಿದದ್ದು ಒಂದೇ ಕೆಲಸ, ಹೊಂಡದ ಸುತ್ತ ಮುರಿದಿದ್ದ ಕಂಬಿ ಬೆಸುಗೆ ಹಾಕುವುದು. ಅದಕ್ಕೆ ಬಂದವನು ನನ್ನ ತಮ್ಮ ಶಶಿಕಾಂತ್. ರಾಂಪುರದಲ್ಲಿ ಸಣ್ಣದೊಂದು ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಹಿಂದಿನ ದಿನವೇ ಬರಬೇಕಿದ್ದವನು ಅಲ್ಲಿನ ಕೆಲಸ ಮುಗಿಯದೆ ಆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದಿದ್ದ. ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಆಮೇಲೆ ಅವನ ಶಾಲೆ, ಕೆಲಸ, ಮದುವೆ ಎಲ್ಲ ನನ್ನ ಕೈಯಲ್ಲೇ ನಡೆದದ್ದು. ಮದುವೆಯಾಗಿ ಆರು ತಿಂಗಳು.

ಮೇಡಂ ಭಾನುವಾರವೇ ಫೋನ್ ಮಾಡಿದ್ದರು. "ಬೆಳಿಗ್ಗೇನೇ ಸ್ವಿಚ್ ಹಾಕಿಡ್ರಿ, ನಾನು ಹನ್ನೆರಡರೊಳಗೆ ಬರ್ತೀನಿ, ಟೆಸ್ಟ್ ಗ್ಯಾಸ್ ಹಿಡ್ಕಂಡು ಬರ್ತೀನಿ. ಕೈಯಾಗೆ ಹಿಡಿಯೋ ಮೀಟರೂ ತರ್ತೀನಿ." ಬೆಸುಗೆಯ ವಿಷಯ ನಾನು ಅವರಿಗೆ ಹೇಳಲಿಲ್ಲ. ಹೇಳಬೇಕು ಅಂತಲೇ ಅನ್ನಿಸಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ನಾನು, ಜಂಪಣ್ಣ ಇಬ್ಬರೂ ಸುತ್ತು ಹಾಕಿದೆವು. ನಾಲ್ಕೂ ಡಬ್ಬಿಗಳ ಮುಚ್ಚಳ ಬಿಗಿಯಾಗಿವೆಯೇ, ಕೇಬಲ್ ಸೇರುವ ಕಡೆ ಸಡಿಲವಾಗಿದೆಯೇ, ಮೂಗಿನ ಬಾಯಿಗೆ ಧೂಳು ಮೆತ್ತಿದೆಯೇ ಎಂದು ಒಂದೊಂದನ್ನೇ ನೋಡಿದೆವು. ರಟ್ಟಿನ ಮೊದಲ ಸಾಲು ನೆನಪಾಗಿ, "ಗ್ಯಾಸ್ ವಾಸ್ನೆ ಏನಾರ ಐತೇನ್ರಿ?" ಎಂದೆ. ಜಂಪಣ್ಣ ಹೊಂಡದ ಹತ್ತಿರ ತುಂಬ ಹೊತ್ತು ನಿಂತ. ಏನೂ ಹೇಳಲಿಲ್ಲ. ಹೇಳಲಿಲ್ಲ ಅಂದರೆ ಇಲ್ಲ ಅಂತಲೇ ಎಂದು ನಾನು ಕಂಟ್ರೋಲ್ ರೂಮಿಗೆ ಬಂದು, ಹಾರ್ನ್ ಕೂಗದಂತೆ ಅದರ ಕೀ ತಿರುಗಿಸಿ, ಸ್ವಿಚ್ ಹಾಕಿದೆ. ಗಡಿಯಾರದಲ್ಲಿ ಹತ್ತು ಗಂಟೆ.

ಕಿಟಕಿಗಳಲ್ಲಿ ಅಂಕಿಗಳು ಕುಣಿದವು. ಮೂವತ್ತು, ಇಪ್ಪತ್ತೇಳು, ಮೂವತ್ತಾರು, ನಲವತ್ತೊಂದು. ಕೀ ತಿರುಗಿಸದಿದ್ದರೆ ಹಾರ್ನ್ ಊರು ಕೂಡಿಸಿಬಿಡುತ್ತಿತ್ತು. ನೋಡನೋಡುತ್ತ ಎಲ್ಲವೂ ಇಳಿಯತೊಡಗಿದವು. ಕಾಲು ಗಂಟೆಯಲ್ಲಿ ಹನ್ನೆರಡು, ಒಂಬತ್ತು, ಹದಿನಾಲ್ಕು, ಹತ್ತೊಂಬತ್ತಕ್ಕೆ ಬಂದವು. ಅಲ್ಲಿಂದ ಮುಂದೆ ಇಳಿಯುವುದು ನಿಧಾನವಾಯಿತು. ನನ್ನ ಪಾಲಿಗೆ ಅದು ನಿಂತೇ ಹೋಯಿತು.

ಬೆಸುಗೆ ಶುರುಮಾಡಲು ಒಂದು ಚೀಟಿ ಬೇಕು. ನಾಲ್ಕೂ ಕಿಟಕಿಯಲ್ಲಿ ಸೊನ್ನೆ ಇದೆ ಎಂದು ಬರೆದು ನನ್ನದೊಂದು ಸಹಿ, ಜಂಪಣ್ಣನದೊಂದು ಸಹಿ. ನಾನು ರಟ್ಟನ್ನು ಇನ್ನೊಮ್ಮೆ ಓದಿದೆ. ಕಾದ ಮೇಲೆ ಸೊನ್ನೆ ಮಾಡಿ. ಸರಿ, ಕಾದಿದೆಯೋ ಇಲ್ಲವೋ ನೋಡೋಣ ಎಂದು ಹೊರಗೆ ಹೋಗಿ ನಾಲ್ಕನೇ ಮೂಗಿನ ಮೇಲೆ ಅಂಗೈ ಇಟ್ಟೆ. ಚುರ್ ಅಂದಿತು. ಮಾರ್ಚಿ ತಿಂಗಳ ಚಳ್ಳಕೆರೆ ಬಿಸಿಲಿನಲ್ಲಿ ಕಬ್ಬಿಣ ಇನ್ನು ಹೇಗಿರುತ್ತದೆ? ನನ್ನ ಸೈಕಲ್ಲಿನ ಸೀಟೂ ಹಾಗೇ ಕಾದಿತ್ತು. ನನಗದು ಹೊಳೆಯಲಿಲ್ಲ. ಕೈ ಝಾಡಿಸಿಕೊಂಡು ಒಳಗೆ ಬಂದು, ಸಣ್ಣ ಸ್ಕ್ರೂ ಡ್ರೈವರ್ ತೆಗೆದುಕೊಂಡು, ನಾಲ್ಕನೇ ಕಿಟಕಿಯ ಕೆಳಗಿನ ಸೊನ್ನೆಯ ಸ್ಕ್ರೂಗೆ ಇಟ್ಟೆ. ಅದನ್ನು ತಿರುಗಿಸಿದರೆ ಆಗ ಎಷ್ಟು ಅಂಕಿ ಇದ್ದರೂ ಸೊನ್ನೆಯಾಗುತ್ತದೆ.

ಜಂಪಣ್ಣ ಹಿಂದಿನಿಂದ ಬಂದು ಮಣಿಕಟ್ಟು ಹಿಡಿದುಕೊಂಡ.

"ಏನ್ ಮಾಡ್ತೀಯ?"

"ಸೊನ್ನೆ ಮಾಡ್ತೀನಿ. ಕಾದೈತೆ, ಮುಟ್ಟಿ ನೋಡ್ರಿ ಬೇಕಾದ್ರೆ. ದೋಸೆ ಹುಯ್ಯಬೌದು."

"ಅದು ಬಿಸ್ಲಿಗೆ ಕಾದಿರೋದು ಕಣಪ್ಪ. ಮೇಡಮ್ಮೋರು ಬರ್ದಿರೋದು ಅದಲ್ಲ." ಜಂಪಣ್ಣ ರಟ್ಟಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. "ಕಾ-ದ ಮೇ-ಲೆ. ಅಂದ್ರೆ ನಾವು ಕಾದ ಮೇಲೆ. ನಾವು ಕೂತು ಕಾಯ್ಬೇಕು. ಹೊತ್ತು ಹೋಗ್ಬೇಕು."

"ನಾವು ಕಾಯೋದಲ್ರಿ, ಮಣಿ ಕಾಯೋದು. ಒಳಗೆ ಮಣಿ ಐತೆ, ಅದು ಬಿಸಿಯಾಗ್ತೈತೆ ಅಂತ ಅವರೇ ಹೇಳಲಿಲ್ವಾ? ಡಿಪ್ಲೊಮಾ ಓದಿದೋನು ನಾನೋ ನೀವೋ?"

"ನೀನೇ ಓದಿರೋದು. ನಾನು ಕಾಯ್ದಿರೋದು." ಸ್ಕ್ರೂ ಡ್ರೈವರ್ ಕಿತ್ತುಕೊಂಡು ಜಂಪಣ್ಣ ಟೊಂಕಕ್ಕೆ ಸಿಕ್ಕಿಸಿಕೊಂಡ. "ಎಷ್ಟೊತ್ತು ಅಂತ ಅವ್ರು ಪುಸ್ತಕದಾಗೆ ತೋರ್ಸಿದ್ರಲ್ಲ, ತೆಗಿ."

ಪುಸ್ತಕ ಇಂಗ್ಲಿಷಿನಲ್ಲಿತ್ತು. ಹಲ್ಲು ಕಚ್ಚಿಕೊಂಡು ತೆಗೆದೆ. ಕನಿಷ್ಠ ಎರಡು ತಾಸು ಎಂದಿತ್ತು. ಅದರ ಕೆಳಗಿನ ಸಾಲು, ಶುದ್ಧ ಗಾಳಿಯಿದೆ ಎಂದು ಖಚಿತವಾಗದೆ ಸೊನ್ನೆ ಮಾಡಬಾರದು ಎನ್ನುವುದನ್ನು ನಾನು ಓದಿ ಹೇಳಲಿಲ್ಲ. ಎರಡು ತಾಸು ಅಂದರೆ ಹನ್ನೆರಡು ಗಂಟೆ. ಬೆಸುಗೆಗೆ ಉಳಿಯುವುದು ಕಾಲು ಗಂಟೆ. ನನಗೆ ತಲೆ ಕೆಟ್ಟಿತು.

ಹೊರಗೆ ಶಶಿಕಾಂತ್ ಕಂಬಿ ಅಳತೆ ಮಾಡಿ, ಕೇಬಲ್ ಎಳೆದು, ಮುಖವಾಡ ಹಣೆಗೇರಿಸಿಕೊಂಡು ಹೊಂಡದ ಅಂಚಿನಲ್ಲಿ ಕೂತಿದ್ದ. "ಅಣ್ಣ, ಶುರು ಮಾಡ್ಲಾ? ಐದು ನಿಮಿಷದ ಕೆಲ್ಸ" ಎಂದ. ನಾನು ಬಾಯಿ ತೆರೆಯುವ ಮುಂಚೆ ಜಂಪಣ್ಣ ಅವನ ಹತ್ತಿರ ಹೋಗಿ, ವೆಲ್ಡಿಂಗ್ ಮೆಷಿನ್ನಿನ ಫ್ಯೂಸ್ ಕಳಚಿ ಜೇಬಿಗೆ ಹಾಕಿಕೊಂಡ. "ಈ ಕಡೆ ಬಾಪ್ಪ, ನೆಳ್ಳಾಗೆ ಕೂತ್ಕ. ಹಾರ್ನಿನ ಕೀ ತಿರುಗ್ಸಿ ಇಟ್ಟೀವಿ. ಅದು ಹಂಗಿರೋವರ್ಗೂ ಆ ಡಬ್ಬಿ ನಮ್ಮನ್ನ ಕಾಯಲ್ಲ, ನಾವೇ ಕಾಯ್ಬೇಕು."

ಸಿಟ್ಟಿನಲ್ಲಿ ನಾನು ಆಡಬಾರದ ಮಾತಾಡಿದೆ. "ಕುರಿ ಕಾಯೋರ ಕೈಗೆ ಪ್ಲಾಂಟ್ ಕೊಟ್ರೆ ಇದೇ ಆಗೋದು" ಎಂದೆ. ಎಲ್ಲರಿಗೂ ಕೇಳುವಂತೆಯೇ ಎಂದೆ. ಜಂಪಣ್ಣ ಒಳಗೆ ಹೋದ. ಪ್ಯಾನಲ್ ಮುಂದೆ ಸ್ಟೂಲ್ ಎಳೆದುಕೊಂಡು ಕೂತು, ನಾಲ್ಕು ಕಿಟಕಿಗಳನ್ನು ನೋಡುತ್ತ, ಹತ್ತು ನಿಮಿಷಕ್ಕೊಮ್ಮೆ ಅಂಕಿಗಳನ್ನು ಹಲಗೆಯ ಮೇಲೆ ಬಳಪದಲ್ಲಿ ಬರೆಯತೊಡಗಿದ.

ಹನ್ನೊಂದೂವರೆಗೆ ಸಾವ್ಕಾರ್ರ ಅಂಬಾಸಿಡರ್ ಬಂತು. ಜೊತೆಯಲ್ಲಿ ಅವರ ಮನೆಯವರು ದ್ರಾಕ್ಷಾಯಣಮ್ಮನವರು, ಕೈಯಲ್ಲಿ ಪೂಜೆಯ ತಟ್ಟೆ. ನಮ್ಮ ಪ್ಲಾಂಟಿನಲ್ಲಿ ಕರ್ಪೂರ, ಊದಿನಕಡ್ಡಿ ಏನಿದ್ದರೂ ಗೇಟಿನ ಹೊರಗೆ. ಅಲ್ಲೇ ಪೂಜೆ ಮುಗಿಸಿ ಇಬ್ಬರೂ ಒಳಗೆ ಬಂದರು. ಕಂಬಿ ಮುರಿದ ಹಾಗೇ ಇರುವುದನ್ನು ಕಂಡು ಸಾವ್ಕಾರ್ರ ಹುಬ್ಬು ಗಂಟಾಯಿತು. ನೇರ ಕಂಟ್ರೋಲ್ ರೂಮಿಗೆ ಬಂದರು.

"ಯಾಕೋ ವಿಶ್ವನಾಥ, ಇನ್ನೂ ಬೆಸ್ದಿಲ್ಲ?"

"ನಾನು ರೆಡಿ ಇದೀನಿ ಸಾವ್ಕಾರ್ರೆ. ಜಂಪಣ್ಣ ಬಿಡ್ತಿಲ್ಲ. ಹೊಂಡ ನಾನೇ ನಿಂತು ತೊಳ್ಸಿದೀನಿ. ಬೇಕಾದ್ರೆ ಅವರ ಮೂಗನ್ನೇ ಕೇಳ್ರಿ." ಅದು ನನ್ನ ಕೊನೆಯ ಬಾಣ. ಬೆಳಿಗ್ಗೆ ಹೊಂಡದ ಹತ್ತಿರ ನಿಂತು ಏನೂ ಅನ್ನದವನು ಈಗ ಇದೆ ಅನ್ನಲಾರ ಎಂದು ನನ್ನ ಲೆಕ್ಕ.

ಸಾವ್ಕಾರ್ರು ಜಂಪಣ್ಣನ ಕಡೆ ತಿರುಗಿದರು. "ಹೌದಲ್ಲ, ಡಬ್ಬಿ ಯಾತಕ್ಕೆ? ನಿನ್ನ ಮೂಗು ಏನ್ ಹೇಳ್ತೈತೆ ಜಂಪಣ್ಣ? ವಾಸ್ನೆ ಐತಾ, ಇಲ್ವಾ? ಇಲ್ಲ ಅಂದ್ರೆ ಬೆಸೀಲಿ."

ಜಂಪಣ್ಣ ಸ್ಟೂಲಿನಿಂದ ಎದ್ದು ನಿಂತ. ಐತೆ ಎಂದು ಒಂದು ಮಾತು ಸುಳ್ಳಾಡಿದ್ದರೆ ಸಾಕಿತ್ತು, ಕೆಲಸ ನಿಲ್ಲುತ್ತಿತ್ತು, ಅವನ ಮರ್ಯಾದೆಯೂ ಉಳಿಯುತ್ತಿತ್ತು. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಾವ್ಕಾರ್ರೆ, ನನ್ನ ಮೂಗು ಸತ್ತು ಎರಡು ವರ್ಷ ಆತು."

ಯಾರಿಗೂ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. "ನಶ್ಯ ಹಾಕಿ ಹಾಕಿ ಹೋತೋ, ಸಾಲ್ವೆಂಟ್ ಗಾಳಿ ಕುಡಿದು ಕುಡಿದು ಹೋತೋ ಗೊತ್ತಿಲ್ಲ. ಮನ್ಯಾಗೆ ಒಗ್ಗರಣೆ ಸೀದ್ರೂ ಗೊತ್ತಾಗಲ್ಲ. ಈ ಎರಡು ವರ್ಷ ಪಂಪಿನ ಕೆಳ್ಗೆ ಪಸೆ ಕಂಡ್ರೆ, ಪೈಪಿನ ಮೇಲೆ ಧೂಳು ಅಂಟಿದ್ರೆ, ಅದನ್ನ ನೋಡಿ ಸೋರ್ತೈತೆ ಅಂತಿದ್ದೆ. ನೀವು ಮೂಗು ಮೂಗು ಅಂದಾಗ ಸುಮ್ನಿದ್ದೆ. ಕೆಲ್ಸಕ್ಕೆ ಸಂಚಕಾರ ಬರ್ತೈತೆ ಅಂತ ಹೆದರ್ಕೆ. ತಪ್ಪಾತು. ಇವತ್ತು ಬೆಳಿಗ್ಗೆ ಹೊಂಡದ ಹತ್ರ ನಿಂತೆ, ನನಗೇನೂ ಗೊತ್ತಾಗಲಿಲ್ಲ. ಐತೆ ಅಂತ ಹೇಳಾಕೂ ಆಗಲ್ಲ, ಇಲ್ಲ ಅಂತ ಹೇಳಾಕೂ ಆಗಲ್ಲ. ಈ ಡಬ್ಬಿ ಹೇಳ್ಬೇಕು. ಅದು ಹೇಳೋವರ್ಗೂ ಕಾಯ್ಬೇಕು."

ಪ್ಲಾಂಟಿನಲ್ಲಿ ಹದಿನೈದು ಜನ ಇದ್ದೆವು. ಎಲ್ಲರಿಗೂ ಕೇಳಿಸಿತು. ಸಾವ್ಕಾರ್ರ ಮುಖ ಕಪ್ಪಿಟ್ಟಿತು. ಎರಡು ವರ್ಷ ಒಂದು ಸತ್ತ ಮೂಗಿನ ಮೇಲೆ ಇಡೀ ಪ್ಲಾಂಟು ನಡೆಸಿದೆ ಎಂದು ಗೊತ್ತಾದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಅವರು ಗಡಿಯಾರ ನೋಡಿದರು. "ಹನ್ನೆರಡೂ ಕಾಲು ದಾಟಿದ್ರೆ ಮುಹೂರ್ತ ತಪ್ತೈತೆ ಅಂತ..." ಎಂದು ಶುರುಮಾಡಿದರು.

ಮಾತು ಮುಗಿಸಲು ಬಿಡದೆ ದ್ರಾಕ್ಷಾಯಣಮ್ಮನವರು ಪ್ಯಾನಲ್ ಕಡೆ ಬಂದು ರಟ್ಟನ್ನು ಓದಿದರು. "ಕಾದ ಮೇಲೆ ಅಂತ ಬರ್ದೈತಲ್ರಿ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸ್ಬೇಕಾದ್ರೆ ಒಲೆ ಹಚ್ಚಿದ ತಕ್ಷಣ ಉಕ್ತೈತೇನ್ರಿ? ಹಾಲು ಕಾಯ್ಬೇಕು, ನಾವೂ ಕಾಯ್ಬೇಕು. ಒಲೆ ಹಚ್ಚಿದ್ದೇ ಮುಹೂರ್ತ. ಸ್ವಿಚ್ ಹಾಕಿದ್ರಲ್ಲ, ಆತು ಬಿಡ್ರಿ. ಕಾಯ್ಲಿ."

ಒಂದೂವರೆ ತಾಸಿನಿಂದ ನಾನೂ ಜಂಪಣ್ಣನೂ ಜಗಳವಾಡಿದ ಮಾತನ್ನು ಆ ಅಮ್ಮ ಒಂದೇ ಉಸಿರಿನಲ್ಲಿ ಬಿಡಿಸಿಬಿಟ್ಟರು. ಇಬ್ಬರದೂ ಸರಿ. ಮಣಿ ಕಾಯಬೇಕು, ಮನುಷ್ಯನೂ ಕಾಯಬೇಕು. ಆದರೆ ಅಂಗೈ ಇಟ್ಟು ನೋಡಿದವನು ನಾನೊಬ್ಬನೇ. ನಾಚಿಕೆಯಾಯಿತು. ಆ ನಾಚಿಕೆಯನ್ನೂ ಸಿಟ್ಟೆಂದೇ ತೋರಿಸಿಕೊಂಡು ಮೂಲೆಯಲ್ಲಿ ನಿಂತೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಜಂಪಣ್ಣ ನನ್ನನ್ನು ಕರೆದ. ಬೈದದ್ದನ್ನೆಲ್ಲ ಮರೆತವನ ಹಾಗೆ, "ಬಾ ಇಲ್ಲಿ, ಓದಿದೋನು ನೀನು, ನೋಡು" ಎಂದು ಹಲಗೆ ತೋರಿಸಿದ. ಬಳಪದ ಅಂಕಿಗಳು ಸೊಟ್ಟಸೊಟ್ಟ, ಆದರೆ ಸ್ಪಷ್ಟವಾಗಿದ್ದವು. ಮೊದಲ ಮೂರು ಕಿಟಕಿ ಇಳಿದು ಇಳಿದು ಸೊನ್ನೆ, ಸೊನ್ನೆ, ಒಂದಕ್ಕೆ ಬಂದು ಅರ್ಧ ತಾಸಿನಿಂದ ಅಲುಗಿರಲಿಲ್ಲ. ಯಾರೂ ಸ್ಕ್ರೂ ಮುಟ್ಟದೆ ತಾವಾಗಿಯೇ ಬಂದಿದ್ದವು. ನಾಲ್ಕನೆಯದು ಹತ್ತೊಂಬತ್ತರಿಂದ ಹನ್ನೊಂದಕ್ಕೆ ಇಳಿದು, ಅಲ್ಲಿಂದ ಮತ್ತೆ ಹದಿಮೂರು, ಹದಿನಾರು, ಹದಿನೆಂಟು.

"ಮೂರು ಕುರಿ ದೊಡ್ಡಿಗೆ ಬಂದು ಮಲಗಿದಾವೆ" ಎಂದ ಜಂಪಣ್ಣ. "ಇದೊಂದು ಮಾತ್ರ ಹೊರಗೆ ನಿಂತು ಅತ್ತಕಡೆ ನೋಡ್ತೈತೆ. ಅಂಥಾ ಕುರಿ ಏನೋ ಕಂಡಿರ್ತೈತೆ ಕಣೋ."

ನಾನು ಹಲಗೆಯನ್ನು ಮತ್ತೆ ಓದಿದೆ. ಬಿಸಿಲು ನೆತ್ತಿಗೇರಿದಂತೆ ಅಂಕಿ ಏರುತ್ತಿದೆ. ಬಿಸಿಲಿಗೆ ಏನು ಏರುತ್ತದೆ? ಆವಿ. ಎಲ್ಲಿಂದ? ಹೊಂಡದಿಂದ. ತೊಳೆಸಿದವನು ನಾನು. ಆಗ ನೆನಪಾಯಿತು, ಹೊಂಡದ ಆ ತುದಿಯಲ್ಲಿ, ಪೈಪಿನ ಕೆಳಗೆ, ಸಾಲ್ವೆಂಟ್ ಹೀರಿದ ಹಿಂಡಿಯ ರಾಡಿ ಗಟ್ಟಿಯಾಗಿ ಕೂತಿತ್ತು. ಆಳುಗಳು ಅದನ್ನು ತೆಗೆಯಲು ಇಳಿಯಲೇ ಎಂದು ಕೇಳಿದಾಗ, "ಸಾಕು ಬಿಡ್ರಪ್ಪ, ಊಟದ ಹೊತ್ತಾತು" ಎಂದು ನಾನೇ ಎಬ್ಬಿಸಿದ್ದೆ.

ಅಷ್ಟರಲ್ಲಿ ಬಳ್ಳಾರಿ ಬಸ್ಸಿಳಿದ ಮಂಗಳಗೌರಿ ಮೇಡಂ ಗೇಟಿಗೆ ಬಿರಬಿರನೆ ಬಂದರು. ನಾನು ಓಡಿಹೋಗಿ ಎರಡು ಮಾತಿನಲ್ಲಿ ಹೇಳುವುದರೊಳಗೆ ಕೈಮೀಟರ್ ಆನ್ ಮಾಡಿ, ಅದು ಸರಿಯಾಗಿದೆಯೇ ಎಂದು ಗೇಟಿನ ಹೊರಗಿನ ಗಾಳಿಯಲ್ಲೇ ನೋಡಿಕೊಂಡು, ಎಲ್ಲರನ್ನೂ ಹಿಂದಕ್ಕೆ ಸರಿಸಿ ಹೊಂಡದ ಹತ್ತಿರ ಹೋದರು. ಉದ್ದನೆಯ ರಬ್ಬರ್ ಕೊಳವೆಯನ್ನು ಪೈಪಿನ ಕೆಳಗಿನ ಮೂಲೆಗೆ ಇಳಿಬಿಟ್ಟರು. ಮೀಟರು ಕೂಗಿತು. ಮೂವತ್ತು, ಅರವತ್ತು, ತೊಂಬತ್ತು. ಆಮೇಲೆ ಅಂಕಿ ಹೋಗಿ ಬರೀ ಗೀಟುಗಳು ಬಂದವು. ನೂರು ದಾಟಿ ಎಣಿಸಲಾರದೆ ಹೋದಾಗ ಅದು ಹಾಗೆ ತೋರಿಸುತ್ತದಂತೆ.

ಮೇಡಂ ಹೊಂಡದ ಅಂಚಿನಲ್ಲಿದ್ದ ವೆಲ್ಡಿಂಗ್ ಕೇಬಲ್ ನೋಡಿದರು, ಮುರಿದ ಕಂಬಿ ನೋಡಿದರು. "ಇಲ್ಲಿ ಯಾರು ಬೆಸೀಬೇಕಿತ್ತು?" ಎಂದು ಕೇಳಿದರು.

ಬೇವಿನ ಮರದ ನೆರಳಿನಲ್ಲಿ ಕೂತಿದ್ದ ಶಶಿಕಾಂತ್, ಶಾಲೆಯಲ್ಲಿ ಹಾಜರಿ ಹೇಳುವವನ ಹಾಗೆ ಕೈ ಎತ್ತಿದ.

ಕಂಬಿ ಬೆಸೆಯುವಾಗ ಕಿಡಿಗಳು ಬೀಳುವುದು ಎಲ್ಲಿಗೆ? ಕೆಳಗೆ, ಹೊಂಡದೊಳಗೆ. ಹತ್ತೂಕಾಲಿಗೆ ನಾನು ಆ ಸ್ಕ್ರೂ ತಿರುಗಿಸಿದ್ದರೆ ಕಿಟಕಿಯಲ್ಲಿ ಸೊನ್ನೆ ಕೂತಿರುತ್ತಿತ್ತು. ಇರುವ ಗ್ಯಾಸನ್ನೇ ಇಲ್ಲ ಎಂದು ನಾನು ಆ ಡಬ್ಬಿಗೆ ಕಲಿಸಿಕೊಟ್ಟ ಹಾಗಾಗುತ್ತಿತ್ತು. ಚೀಟಿಗೆ ಸಹಿ ಹಾಕಿ, ನನ್ನ ಕೈಯಾರೆ ತಮ್ಮನಿಗೆ ಕೊಡುತ್ತಿದ್ದೆ. ಮೊಳಕಾಲ್ಮೂರಿನಲ್ಲಿ ಅವ್ವ ಇದ್ದಳು, ಅವನ ಹೆಂಡತಿ ಇದ್ದಳು. ಅಷ್ಟೆಲ್ಲ ಒಂದು ಸ್ಕ್ರೂವಿನ ಅರ್ಧ ಸುತ್ತಿನಲ್ಲಿತ್ತು. ನಾನು ಹೋಗಿ ಜಂಪಣ್ಣನ ಎರಡೂ ಕೈ ಹಿಡಿದುಕೊಂಡೆ. "ಕುರಿ ಕಾಯೋರು ಅಂದುಬಿಟ್ಟೆ" ಎಂದೆ, ಅಷ್ಟೇ. ಅತ್ತದ್ದನ್ನು ಮುಚ್ಚಿಡುವುದಿಲ್ಲ, ಹದಿನೈದು ಜನರೆದುರು ಅತ್ತೆ.

"ಸುಳ್ಳೇನೈತೆ ಅದ್ರಾಗೆ? ಕಾಯ್ತಿದ್ದೆ" ಎಂದ ಜಂಪಣ್ಣ. ಜೇಬಿನಿಂದ ಫ್ಯೂಸ್ ತೆಗೆದು ನನ್ನ ಕೈಯಲ್ಲಿಟ್ಟ. "ಇದನ್ನ ನಾಳೆ ಕೊಡು ಅವನಿಗೆ."

ಅಂದು ಸಾಲ್ವೆಂಟ್ ಬಿಡಲಿಲ್ಲ. ಹೊಂಡಕ್ಕೆ ನೀರು ತುಂಬಿಸಿ, ಮೇಲೆ ತೇಲಿದ್ದನ್ನು ಹೊರಗಿನಿಂದಲೇ ಕೈಪಂಪಿನಲ್ಲಿ ಡ್ರಮ್ಮಿಗೆ ತೆಗೆದೆವು. ಬಸಿದು, ಬ್ಲೋವರಿನಿಂದ ಗಾಳಿ ಊದಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆ ರಾಡಿ ತೆಗೆಸಿದೆವು. ಈ ಸಲ ನಾನೂ ಇಳಿದೆ. ಮಾರನೆಯ ದಿನ ನಾಲ್ಕೂ ಕಿಟಕಿ ಸೊನ್ನೆಯ ಹತ್ತಿರ ತಾವಾಗಿಯೇ ನಿಂತಿದ್ದವು. ಮೇಡಂ ಕೈಮೀಟರಿನಿಂದ ಸುತ್ತಲೂ ನೋಡಿ, ಆಮೇಲಷ್ಟೇ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಪ್ರತಿ ಮೂಗಿಗೂ ಟೆಸ್ಟ್ ಗ್ಯಾಸ್ ಹಿಡಿದು, ಅಂಕಿ ಏರುವುದನ್ನು, ತೆಗೆದಾಗ ಇಳಿಯುವುದನ್ನು ನಮಗೆಲ್ಲ ತೋರಿಸಿದರು. ಕೊನೆಗೆ ಹಾರ್ನಿನ ಕೀಯನ್ನು ಮರಳಿ ತಿರುಗಿಸಿದರು. "ಈಗ ಅದು ಕಾಯ್ತೈತೆ" ಎಂದ ಜಂಪಣ್ಣ. ಕಾಯುವುದು ಎಂಬ ಮಾತಿಗೆ ಮೂರನೆಯ ಅರ್ಥವೂ ಇರುವುದು ನನಗೆ ಆಗ ಹೊಳೆಯಿತು. ಕುರಿ ಕಾಯ್ದಿದ್ದ ಅವನಿಗೆ ಅದೇ ಮೊದಲನೆಯದಾಗಿತ್ತು.

ನಮ್ಮ ಜಗಳದ ಕಥೆ ಕೇಳಿ ಮೇಡಂ ತಲೆ ಚಚ್ಚಿಕೊಂಡರು. "ಬರೆಯೋವಾಗ ನನಗೆ ಹೊಳೀಲೇ ಇಲ್ರಿ" ಎಂದು ಹೊಸ ರಟ್ಟು ಬರೆದರು. ಸ್ವಿಚ್ ಹಾಕಿ ಎರಡು ತಾಸು ಬಿಡಿ, ಸುತ್ತ ಗ್ಯಾಸ್ ಇಲ್ಲವೆಂದು ಕೈಮೀಟರಿನಲ್ಲಿ ನೋಡಿ, ಆಮೇಲೆ ಸೊನ್ನೆ ಮಾಡಿ, ಅಲ್ಲಿಯವರೆಗೆ ಬೆಂಕಿಯ ಕೆಲಸ ಬೇಡ. ಒಂದು ಕೈಮೀಟರನ್ನು ಸಾವ್ಕಾರ್ರು ಪ್ಲಾಂಟಿಗೇ ತರಿಸಿದರು. ಹಳೆಯ ರಟ್ಟನ್ನು ನಾನು ಕೇಳಿ ಇಸಿದುಕೊಂಡೆ. ಈಗಲೂ ನನ್ನ ಟ್ರಂಕಿನಲ್ಲಿದೆ.

ಜಂಪಣ್ಣನನ್ನು ಸಾವ್ಕಾರ್ರು ಎರಡು ದಿನ ಮಾತಾಡಿಸಲಿಲ್ಲ. ಮೂರನೆಯ ದಿನ ಕರೆದು, "ಮೂಗು ಹೋದದ್ದು ಹೋತು. ಅದನ್ನ ಒಪ್ಕಳಾಕೆ ಬಾಯಿ ಐತಲ್ಲ, ನನಗೆ ಅದು ಸಾಕು. ಪ್ಯಾನಲ್ ಮುಂದೆ ಇನ್ಮೇಲೆ ನೀನೇ ಕೂತ್ಕ" ಎಂದರು. ಆರು ವರ್ಷ ಅವನು ಅಲ್ಲೇ ಕೂತ. ಅವನ ಪಕ್ಕದಲ್ಲಿ ಕೂತು ನಾನು ಕಲಿತದ್ದನ್ನು ಡಿಪ್ಲೊಮಾದಲ್ಲಿ ಕಲಿಸಿರಲಿಲ್ಲ. ಪಟಾಕಿ ಎಂದು ಕರೆಯುವವರು ಈಗಲೂ ಇದ್ದಾರೆ, ಆದರೆ ಹಳೆಯ ಅಭ್ಯಾಸಕ್ಕೆ ಕರೆಯುತ್ತಾರೆ.

ಕೆಲಸ ಬಿಟ್ಟು ಜಂಪಣ್ಣ ದೇವಸಮುದ್ರ ಸೇರಿದ ಮೇಲೆ, ಪ್ರತಿ ವರ್ಷ ಶಿವರಾತ್ರಿ ಕಳೆದ ಒಂದು ಭಾನುವಾರ ನಾನೂ ಶಶಿಕಾಂತನೂ ಅಲ್ಲಿಗೆ ಹೋಗುತ್ತೇವೆ. ಈ ಸಲ ಶಶಿಕಾಂತ್ ತನ್ನ ಮಗಳು ರಶ್ಮಿತಾಳನ್ನೂ ಕರೆತಂದಿದ್ದ. ಏಳು ವರ್ಷದ ಹುಡುಗಿ. ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದೆವು. ದಾರಿಯಲ್ಲಿ ಬಸ್ಸು ಕೆಟ್ಟು, ಇನ್ನೊಂದು ಸಿಕ್ಕಿ, ಊರಿನ ಸ್ಟಾಪಿನಲ್ಲಿ ಇಳಿದಾಗ ಒಂದು ಗಂಟೆ ದಾಟಿತ್ತು. ಜಂಪಣ್ಣ ಮನೆಯಲ್ಲಿರಲಿಲ್ಲ. ಸ್ಟಾಪಿನ ಕಟ್ಟೆಯ ಮೇಲೆಯೇ, ಟವೆಲ್ ತಲೆಗೆ ಸುತ್ತಿಕೊಂಡು, ಹತ್ತು ಗಂಟೆಯಿಂದ ಕೂತಿದ್ದ.

"ಎಷ್ಟೊತ್ತು ಲೇ ಕಾಯೋದು?" ಎಂದು ಗದರಿದ.

ಶಶಿ ಮಗಳ ಕೈ ಬಿಟ್ಟು, ಬಗ್ಗಿ ಅವನ ಕಾಲು ಮುಟ್ಟಿದ.

"ನೀವು ಕಾದಿದ್ದಕ್ಕೇ ಬಂದೀವಿ ನೋಡ್ರಿ" ಎಂದ. "ನಾನೂ, ಇವಳೂ."